ಒಂದು ಗುಂಟೆ ಕೌದಿ

ಏಪ್ರಿಲ್ ಕೊನೆಯ ವಾರ. ಬೆಳಗಾವಿಯ ಮನೆಯಿಂದ ಹೊರಟಾಗ ಕಾರಿನ ಹಿಂದಿನ ಸೀಟಿನ ತುಂಬ ಹಳೇ ಬಟ್ಟೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಧೋತರ, ಮಕ್ಕಳ ಅಂಗಿ. ಅದರ ಮೇಲೆ ಹೊಲಿದು ಮುಗಿಸಿದ 19 ಕೌದಿ ತುಂಡುಗಳು. ಕೌದಿ ಅಂದರೆ ಹಳೇ ಬಟ್ಟೆ ಚೂರು ಸೇರಿಸಿ ಹೊಲಿದ ಹೊದಿಕೆ. ಒಂದೊಂದೂ ಉದ್ದ 33 ಇಂಚು, ಅಗಲ 33 ಇಂಚು. ಇಂಥ 144 ತುಂಡು ಸೇರಿಸಿದರೆ 33 ಅಡಿ ಉದ್ದ, 33 ಅಡಿ ಅಗಲ. ಸರಿಯಾಗಿ ಒಂದು ಗುಂಟೆ.

ನಮ್ಮವ್ವನ ತವರು ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಲ್ಲಿ ಹೋಯಿತು. ಉಳಿದಿದ್ದು ಕಾಗದ. ಇಷ್ಟು ಎಕರೆ, ಇಷ್ಟು ಗುಂಟೆ, ಇಂಥ ಸರ್ವೆ ನಂಬರ್, ಇಷ್ಟು ಪರಿಹಾರ. ಆ ಕಾಗದವನ್ನು ಎಷ್ಟು ಸಲ ಓದಿದರೂ ಊರು ಕಾಣುತ್ತಿರಲಿಲ್ಲ. ಗುಂಟೆ ಅನ್ನುವ ಮಾತು ಇಲ್ಲಿನದೇ. ಆದರೆ ಅದನ್ನು 33 ಅಡಿ ಚೈನಿಗೆ ಕಟ್ಟಿ ಹಾಕಿದ್ದು ಕಂಪನಿ ಸರ್ಕಾರದ ಸರ್ವೆ. 1830ರ ದಶಕದಲ್ಲಿ ವಿಂಗೇಟ್, ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು ಮುಂಬೈ ಪ್ರಾಂತದಲ್ಲಿ ಶುರು ಮಾಡಿದ ಕೆಲಸ ಅದು. ಕಂದಾಯ ಎಷ್ಟು ಬರುತ್ತದೆ ಅಂತ ನೋಡಲು ಹೊಲ ಅಳೆದರು. ನೂರೈವತ್ತು ವರ್ಷ ಕಳೆದ ಮೇಲೆ ಅದೇ ಲೆಕ್ಕ ಹಿಡಿದು ಹೊಲ ಬಿಡಿಸಿಕೊಂಡರು. ಅದೇ ಅಳತೆಯಲ್ಲಿ, ಆದರೆ ಊರಿನ ಹೆಂಗಸರ ಕೈಯಿಂದ, ಆ ನೆಲವನ್ನು ಮತ್ತೆ ಹೊಲಿಸಬೇಕು ಅನ್ನುವುದು ನನ್ನ ಆಸೆ.

ಮೊದಲ ದಿನ: ಕಿತ್ತೂರು

ಬಾಗಲಕೋಟೆಗೆ ನೇರ ಹೋಗಬಹುದಿತ್ತು. ಆದರೂ ಕಿತ್ತೂರಿಗೆ ಹೋಗಿಯೇ ಮುಂದೆ ಹೋಗೋಣ ಅನಿಸಿತು. ನಾನು ಚಿತ್ರ ಕಲಿತಿದ್ದು ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿ. ಆ ಪರೀಕ್ಷೆಗಾಗಿ ಮೊದಲ ಸಲ ಬರೆದ ಕಟ್ಟಡ ಕಿತ್ತೂರಿನ ಅರಮನೆಯ ಬಾಗಿಲು. ಮೇಷ್ಟ್ರು ಹಾಳೆಯ ನಡುವೆ ಒಂದು ಅಡ್ಡಗೆರೆ ಎಳೆದು, "ಇದು ನಿನ್ನ ಕಣ್ಣಿನ ಮಟ್ಟ. ಎಲ್ಲಾ ಗೆರೆ ಒಂದು ಚುಕ್ಕಿಗೆ ಬಂದು ಕೂಡಬೇಕು" ಅಂದಿದ್ದರು. ಈ ಪಾಠ ನಮ್ಮ ಕಡೆಗೆ ಬಂದಿದ್ದು ಮುಂಬೈಯಿಂದ. ಅಲ್ಲಿ 1857ರಲ್ಲಿ ಶುರುವಾದ ಜೆ.ಜೆ. ಕಲಾಶಾಲೆಯಲ್ಲಿ ಧಾರವಾಡದ ಡಿ.ವಿ. ಹಾಲಭಾವಿಯವರಂಥವರು ಕಲಿತು ಬಂದು ಇಲ್ಲಿನ ಹುಡುಗರಿಗೆ ದಾರಿ ತೋರಿಸಿದರು. ಆ ಹಿರಿಯರ ಋಣ ನನ್ನ ಮೇಲಿದೆ. ಆದರೆ ಒಂದು ಜಾಗದಲ್ಲಿ ಅಲುಗಾಡದೆ ನಿಂತು, ಎದುರಿಗಿದ್ದದ್ದೆಲ್ಲ ತನ್ನ ಕಣ್ಣಿನ ಚುಕ್ಕಿಗೆ ಬರಬೇಕು ಅನ್ನುವ ನೋಟ ನಮ್ಮಜ್ಜಿಯದಾಗಿರಲಿಲ್ಲ. ಇದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಕಿತ್ತೂರಿನ ಕಥೆ ನಿಮಗೆ ಗೊತ್ತೇ ಇದೆ. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ. 1824ರ ಅಕ್ಟೋಬರ್ 23ಕ್ಕೆ ಇದೇ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ಈಗ ಉಳಿದಿರುವುದು ಮೋಟು ಗೋಡೆಗಳು, ನೆಲಗಟ್ಟು, ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಒಂದು ಕಿಂಡಿ. ಎತ್ತರದ ಜಾಗದಲ್ಲಿ ನಿಂತು ನೋಡಿದರೆ ಕೋಣೆ, ಪಡಸಾಲೆ, ಬಚ್ಚಲು ಎಲ್ಲವೂ ನೆಲದ ಮೇಲೆ ಗೆರೆ ಹೊಡೆದ ಹಾಗೆ ಕಾಣುತ್ತವೆ. ಮನೆ ಬಿದ್ದ ಮೇಲೆ ತಾನೇ ತನ್ನ ನಕಾಶೆ ಆಗಿಬಿಡುತ್ತದೆ ಅಲ್ವಾ? ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳು ಪಕ್ಕದ ವಸ್ತು ಸಂಗ್ರಹಾಲಯದ ಒಳಗಿವೆ. ಅವುಗಳ ಮುಂದೆ ಜಾಸ್ತಿ ಹೊತ್ತು ನಿಂತೆ. ತೆಗೆಯಲು ಗೋಡೆಯಿಲ್ಲದ ಬಾಗಿಲು. ನಮ್ಮ ಮಾವ ಊರು ಬಿಡುವಾಗ ಮನೆಯ ತಲಬಾಗಿಲನ್ನು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ಹೊಸ ಮನೆಯ ಗೋಡೆಗೆ ಅದು ಹೊಂದಲಿಲ್ಲ. ಇವತ್ತಿಗೂ ಹಿತ್ತಲಲ್ಲಿ ಗೋಡೆಗೆ ಒರಗಿಕೊಂಡಿದೆ.

ಎರಡನೇ ದಿನ: ಕಲಾದಗಿ ದಾಟಿ ನವನಗರ

ರಾತ್ರಿ ಬೈಲಹೊಂಗಲದಲ್ಲಿ ಇದ್ದು ಬೆಳಿಗ್ಗೆ ಯರಗಟ್ಟಿ, ಲೋಕಾಪುರ ದಾಟಿ ಹೊರಟೆ. ಕಲಾದಗಿಯಲ್ಲಿ ದಾಳಿಂಬೆ ಕೊಂಡೆ. ಇಷ್ಟು ಸಣ್ಣ ಊರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರ. ಬ್ರಿಟಿಷರು 1885ರಲ್ಲಿ ಕಚೇರಿಗಳನ್ನು ವಿಜಯಪುರಕ್ಕೆ ಒಯ್ದರು. ಇಲ್ಲಿ ಉಳಿದಿದ್ದು ಅವರ ಸ್ಮಶಾನ. ಗೋರಿಕಲ್ಲುಗಳ ಮೇಲೆ ಬಿಸಿಲು ಬಿದ್ದಿತ್ತು. ಊರಿಂದ ದೂರ ಬಂದು ಇಲ್ಲೇ ಮಣ್ಣಾದವರು. ಅವರ ಮೇಲೂ ಸಿಟ್ಟು ಬರಲಿಲ್ಲ ನನಗೆ. ಒಂದು ಹಿಡಿ ಕೆಂಪು ಮಣ್ಣು ಡಬ್ಬಿಗೆ ಹಾಕಿಕೊಂಡೆ. ಮಸಾರಿ ಮಣ್ಣು ಅರೆದು ಅಂಟು ಕಲಸಿದರೆ ಒಳ್ಳೇ ಬಣ್ಣವಾಗುತ್ತದೆ.

ಮಧ್ಯಾಹ್ನ ನವನಗರ. ಹಳೇ ಬಾಗಲಕೋಟೆ ಮುಳುಗುತ್ತದೆ ಅಂತ ಕಟ್ಟಿದ ಹೊಸ ಊರು ಇದು. ಯೋಜನೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ದೊಡ್ಡ ರಸ್ತೆ, ಗಿಡಮರ, ನೆರಳು. ಚೆನ್ನಾಗಿಯೇ ಇದೆ. ಆದರೆ ಹಳೇ ಊರಲ್ಲಿ ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಹೆಸರು ಹೇಳಿ ಬೆಳೆದವರು ಇಲ್ಲಿ ಸೆಕ್ಟರ್ ನಂಬರ್ ಹೇಳುತ್ತಾರೆ. ಹೋಳಿ ಹುಣ್ಣಿಮೆ ಬಂದರೆ ಮಾತ್ರ ಆ ಪೇಟೆಗಳ ಹೆಸರು ಮತ್ತೆ ಬಾಯಿಗೆ ಬರುತ್ತವೆ. ಹಲಗೆ ಸದ್ದು ಕೇಳಿದರೆ ಸೆಕ್ಟರ್ ಮರೆತುಹೋಗುತ್ತದೆ ಅಂತ ಮಾವ ಹೇಳುತ್ತಿರುತ್ತಾರೆ.

ಅತ್ತೆಯ ಮನೆಯ ಪಡಸಾಲೆಯಲ್ಲಿ ನಮ್ಮೂರಿನ ಆರು ಜನ ಹೆಂಗಸರು ಸೇರಿದ್ದರು. ಊರು ಬಿಟ್ಟ ಮೇಲೆ ಎಲ್ಲರೂ ಬೇರೆ ಬೇರೆ ಕಡೆ ಹೋದವರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಊಟ ಮುಗಿಸಿ, ನಾನು ನೆಲದ ಮೇಲೆ ಗ್ರಾಮ ನಕಾಶೆ ಹಾಸಿದೆ. ಪರಿಹಾರದ ಕಾಲದಲ್ಲಿ ತೆಗೆಸಿದ ಪ್ರತಿ, ಮಾವನ ಟ್ರಂಕಿನಲ್ಲಿತ್ತು. ಮಡಿಕೆಯ ಗುಂಟ ಹರಿದಿತ್ತು.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಯಾರೂ ಅದನ್ನು ಓದಲಿಲ್ಲ. ಒಬ್ಬಾಕೆ ಎದ್ದು ನಕಾಶೆಯನ್ನೇ ತಿರುಗಿಸಿದಳು. ಉತ್ತರ ಮೇಲಿರಬೇಕು ಅನ್ನುವುದು ಅವಳಿಗೆ ಬೇಕಿರಲಿಲ್ಲ. ಹೊಳೆ ತನ್ನ ಎಡಗೈಗೆ ಬರಬೇಕು, ಯಾಕೆಂದರೆ ಅವಳ ಮನೆ ಬಾಗಿಲಲ್ಲಿ ನಿಂತರೆ ಹೊಳೆ ಎಡಕ್ಕಿತ್ತು. ಇನ್ನೊಬ್ಬಾಕೆ ಎದುರಿಗೆ ಕೂತು, "ನಿಮ್ಮ ಕಡೆ ಎಡಕ್ಕ, ನಮ್ಮ ಕಡೆ ಬೆನ್ನಿಗೆ" ಅಂದಳು. ಹಾಗೆ ಆರೂ ಜನ ಸುತ್ತ ಕೂತರು, ಕೌದಿ ಹೊಲಿಯಲು ಕೂರುವ ಹಾಗೆ. ಕೌದಿಗೆ ಮೇಲು ಕೆಳಗು ಇಲ್ಲ. ಎಲ್ಲಾ ಕಡೆಯಿಂದಲೂ ಹೊಲಿಗೆ ಒಳಗೆ ಬರುತ್ತದೆ. ನಾನು ಹತ್ತು ವರ್ಷ ಕ್ಯಾನ್ವಾಸಿನ ಮೇಲೆ ಹುಡುಕಿದ್ದು ಅಲ್ಲಿ ನೆಲದ ಮೇಲೆ ಸುಮ್ನೆ ನಡೆದುಹೋಯಿತು.

ಸರ್ವೆ ನಂಬರ್ ಯಾರೂ ಹೇಳಲಿಲ್ಲ. ದೊಡ್ಡ ಎರಿ, ಹುಣಸಿಗಿಡದ ಹೊಲ, ಸೊಸಿ ಹೊಲ ಅಂದರು. ಸೊಸಿ ಹೊಲ ಯಾಕೆ ಅಂದರೆ ಆ ಮನೆಗೆ ಬಂದ ಸೊಸೆಯರೆಲ್ಲ ಮೊದಲು ಕಳೆ ತೆಗೆದದ್ದು ಅಲ್ಲೇ ಅಂತೆ. ಆದರೆ ಒಂದು ನಂಬರ್ ಎಲ್ಲರಿಗೂ ಗೊತ್ತಿತ್ತು. "ನಾಕು ಒಂದು ಬಂತು ನೋಡು, ಅವತ್ತ ನಮ್ಮ ಅತ್ತಿ ಒಲಿ ಹಚ್ಚಲಿಲ್ಲ." ನಾಕು ಒಂದು ಅಂದರೆ ಭೂಸ್ವಾಧೀನ ಕಾಯ್ದೆಯ 4(1)ನೇ ಕಲಮಿನ ನೋಟೀಸು. ಅದು 1894ರ ಕಾಯ್ದೆ, ವಿಕ್ಟೋರಿಯಾ ರಾಣಿಯ ಕಾಲದ್ದು. ದೇಶ ಸ್ವತಂತ್ರವಾದ ಮೇಲೂ ಅದೇ ಕಾಯ್ದೆ ನಡೆಯಿತು. ಅದನ್ನು ತೆಗೆದು ಹೊಸದು ತಂದಿದ್ದು 2013ರಲ್ಲಿ. ಅಷ್ಟರಲ್ಲಿ ನಮ್ಮೂರು ನೀರಲ್ಲಿತ್ತು. ಓದು ಬರಹ ಬಾರದ ಹೆಂಗಸಿನ ಬಾಯಲ್ಲಿ ಆ ಕಾಯ್ದೆಯ ಕಲಂ ನಂಬರ್ ಸತ್ತವರ ತಿಥಿಯ ಹಾಗೆ ಉಳಿದಿದೆ. ವಸಾಹತು ಕಾಲದ ಪಳೆಯುಳಿಕೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ನಕಾಶೆಯಲ್ಲಿ ಎರಡು ಸಣ್ಣ ವೃತ್ತಗಳಿದ್ದವು. ಬಾವಿಯ ಗುರುತು. ಗುಡಿ ಹತ್ತಿರದ್ದನ್ನು ಎಲ್ಲರೂ ಗುರುತು ಹಿಡಿದರು. ಊರಿನ ತೆಂಕಣ ಅಂಚಿನಲ್ಲಿದ್ದ ಇನ್ನೊಂದನ್ನು ತೋರಿಸಿದೆ. "ಅಲ್ಲಿ ಬಾವಿ ಇರಲಿಲ್ಲ. ಸರ್ವೇದವರು ತಪ್ಪು ಬರದಿರ್ತಾರ" ಅಂದರು ಅತ್ತೆ. ನಾನು ಒಪ್ಪಿಕೊಂಡೆ. ಕಾಗದ ತಪ್ಪು, ನೆನಪು ಸರಿ ಅನ್ನುವುದು ನನ್ನ ಕೆಲಸಕ್ಕೆ ಚೆನ್ನಾಗಿ ಹೊಂದುತ್ತಿತ್ತು.

ಮೂರನೇ ದಿನ: ಹಿನ್ನೀರು ಸರಿದ ನೆಲ

ಬೇಸಿಗೆಯಲ್ಲಿ ಹಿನ್ನೀರು ಕೆಳಗಿಳಿಯುತ್ತದೆ. ಮುಳುಗಿದ ನೆಲ ಕೆಲವು ವಾರ ಮೇಲೆ ಬರುತ್ತದೆ. ನಸುಕಿನಲ್ಲೇ ಮಾವನ ಜೊತೆ ಹೊರಟೆ. ಕೊನೆಯ ಎರಡು ಕಿಲೋಮೀಟರ್ ನಡಿಗೆ. ದೂರದಲ್ಲಿ ನೀರಿನ ಅಂಚಿಗೆ ಹಕ್ಕಿಗಳ ಹಿಂಡು. ಕಾಲ ಕೆಳಗೆ ಬಿರುಕು ಬಿಟ್ಟ ಎರೆ ಮಣ್ಣು, ಅದರ ಮೇಲೆ ಹೊಳೆ ತಂದು ಹಾಸಿದ ಬೂದು ಮೆಕ್ಕಲು. ಹೆಜ್ಜೆ ಇಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಮಾವ ಚಪ್ಪಲಿ ಬಿಟ್ಟರು. ಯಾಕೆ ಅಂತ ಕೇಳಲಿಲ್ಲ. ನಾನೂ ಬಿಟ್ಟೆ.

ಗುಡಿಯ ಕಟ್ಟೆಯ ಕಲ್ಲುಗಳು ಮೊದಲು ಸಿಕ್ಕವು. ಅಲ್ಲಿಂದ ಮಾವ ಕಣ್ಣು ಮುಚ್ಚಿಕೊಂಡವರ ಹಾಗೆ ನಡೆದರು. ಇದು ಓಣಿ, ಇದು ಚಾವಡಿ, ಇದು ನಮ್ಮ ಅಂಕಣ. ಒಂದು ಒರಳುಕಲ್ಲು ಅರ್ಧ ಹೂತುಕೊಂಡಿತ್ತು. ಅದರ ಗುಂಡಿಯಲ್ಲಿ ಸಣ್ಣ ಶಂಖದ ಹುಳದ ಚಿಪ್ಪು ತುಂಬಿದ್ದವು. ನಾನು ಹಗ್ಗ, ಗೂಟ ತಂದಿದ್ದೆ. ಮನೆಯಿದ್ದ ಜಾಗದಲ್ಲಿ 33 ಅಡಿಗೆ 33 ಅಡಿ ಚೌಕ ಹಾಕಿದೆ. ಮಾವ ಸುತ್ತ ಒಂದು ಸುತ್ತು ಹಾಕಿ ಬಂದು ನಿಂತರು.

"ಇಷ್ಟಽ ಏನು ಒಂದು ಗುಂಟೆ? ನಮ್ಮಪ್ಪ ಗುಂಟೆ ಲೆಕ್ಕ ಮಾಡತಿದ್ದಿಲ್ಲ. ಕೂರಿಗಿ ಲೆಕ್ಕ. ಒಂದು ಕೂರಿಗಿ ಬಿತ್ತಾಕ ಎಷ್ಟು ನೆಲ ಬೇಕೋ ಅಷ್ಟು."

ಎರಡೂ ಅಳತೆಯೇ. ಆದರೆ ಕೂರಿಗೆಯಲ್ಲಿ ಎತ್ತು ಇದೆ, ಬೀಜ ಇದೆ, ಬಿತ್ತುವವನ ನಡಿಗೆ ಇದೆ. ಹದವಾದ ಎರೆಗೂ ಕಲ್ಲು ಮಸಾರಿಗೂ ಒಂದೇ ಲೆಕ್ಕ ಬರುವುದಿಲ್ಲ. ಚೈನಿಗೆ ಅದೆಲ್ಲ ಗೊತ್ತಿಲ್ಲ. ಆ ಚೌಕದೊಳಗೆ ಒಂದು ತಾಸು ಕೂತು ಬರೆದೆ. ಅಡ್ಡಗೆರೆ ಎಳೆಯಲಿಲ್ಲ. ಕೈಗೆ ಸಿಕ್ಕ ಎರೆ ಮಣ್ಣನ್ನೇ ನೀರಲ್ಲಿ ಕಲಸಿ, ಬೆರಳಲ್ಲಿ ಬರೆದೆ.

ಬಿಸಿಲೇರಿತು. ಹೊರಡುವ ಮುಂಚೆ ತೆಂಕಣಕ್ಕೆ ಒಂದಿಷ್ಟು ದೂರ ಹೋದೆ. ಹೂಳಿನಲ್ಲಿ ಕಲ್ಲಿನ ಬಳೆಯೊಂದು ಕಂಡಿತು. ಕಟ್ಟಿದ ಕಲ್ಲು. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗಾಯಗಳು ಅಂಚಿನಲ್ಲಿ ಇನ್ನೂ ಇದ್ದವು. ನಕಾಶೆಯ ಎರಡನೇ ವೃತ್ತ.

ಮಾವನನ್ನು ಕರೆದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೌದು. ಇದು ಕೇರಿಯವರ ಬಾವಿ. ನಾವು ಈ ಕಡೆ ಬರತಿದ್ದಿಲ್ಲ" ಅಂದರು.

ಸರ್ವೆಯವನು ಬರೆದುಕೊಂಡಿದ್ದ. ನಮ್ಮವರು ಮರೆತಿದ್ದರು. ಮರೆತಿದ್ದರು ಅನ್ನುವುದು ಕೂಡ ಸರಿಯಾದ ಮಾತಲ್ಲ. ನೋಡಿಯೇ ಇರಲಿಲ್ಲ. ನನ್ನ 19 ತುಂಡುಗಳಲ್ಲಿ ಆ ಕೇರಿಯ ಒಂದು ಚೂರು ಬಟ್ಟೆಯೂ ಇಲ್ಲ ಅಂತ ಆಗ ಹೊಳೆಯಿತು. ಬಟ್ಟೆ ಬೇಡುತ್ತಾ ಹೋಗಿದ್ದು ನಾನು ಅತ್ತೆ ತೋರಿಸಿದ ಮನೆಗಳಿಗೆ ಮಾತ್ರ. ಊರನ್ನು ಮತ್ತೆ ಹೊಲಿಯುತ್ತೇನೆ ಅಂತ ಹೊರಟು, ಹಳೇ ಗೋಡೆಯನ್ನೇ ಮತ್ತೆ ಕಟ್ಟುತ್ತಿದ್ದೆ.

ಸಂಜೆ ಮಾವನೇ ಕರೆದುಕೊಂಡು ಹೋದರು, ನವನಗರದ ಇನ್ನೊಂದು ಬದಿಗೆ. ಪುನರ್ವಸತಿ ಕೇಂದ್ರದ ಮನೆಯೊಂದರ ಮುಂದೆ ಎಪ್ಪತ್ತು ದಾಟಿದ ಒಬ್ಬ ತಾಯಿ ಬಟ್ಟೆ ಚೂರುಗಳನ್ನು ಸುತ್ತ ಹರಡಿಕೊಂಡು ಕೌದಿ ಹೊಲಿಯುತ್ತಿದ್ದರು. ಬಾವಿ ಸಿಕ್ಕಿತು ಅಂದೆ. ಸೂಜಿ ನಿಂತಿತು.

"ಕಲ್ಲು ಹಂಗಽ ಅದಾವನ?"

ಅದಾವು ಅಂದೆ. ಆ ಬಾವಿ ತೋಡಿದ್ದು ಅವರ ಮಾವನ ಕಾಲದವರು. ಊರ ಬಾವಿಗೆ ಬಿಡುತ್ತಿರಲಿಲ್ಲ, ಅದಕ್ಕೇ ತೋಡಿಕೊಂಡರು. ಊರು ಮುಳುಗಿದ್ದಕ್ಕೆ ಅಳು ಬಂತಾ ಅಂತ ಕೇಳಿದೆ. "ಬಾವಿಗೆ ಅತ್ತೆ. ಊರಿಗೆ ಅಳಲಿಲ್ಲ" ಅಂದರು. ಇಲ್ಲಿ ನಳದ ಮುಂದೆ ಎಲ್ಲರ ಕೊಡವೂ ಒಂದೇ ಸಾಲಿನಲ್ಲಿ ನಿಲ್ಲುತ್ತದೆ, ಅದು ತನಗೆ ಒಳ್ಳೇದಾಯಿತು ಅಂತಲೂ ಹೇಳಿದರು. ಹಳೇ ಸೀರೆ ಕೊಡುತ್ತೀರಾ ಅಂತ ಕೇಳಲು ಬಾಯಿ ಬರಲಿಲ್ಲ. ಅವರೇ ನನ್ನ ತುಂಡೊಂದನ್ನು ಕೈಗೆ ತಗೊಂಡು, ತಿರುವಿ ನೋಡಿ, "ಹೊಲಿಗಿ ಸಡಲ ಐತಿ. ಎಷ್ಟು ಇಂಚು? ಮೂರು ದಿನ ಬಿಟ್ಟು ಬಾ" ಅಂದರು.

ನಾಲ್ಕನೇ ದಿನ: ಸಂಗಮ, ಆಲಮಟ್ಟಿ

ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯ ಸ್ಥಳದ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿದ್ದಾರೆ. ಹಿನ್ನೀರು ಬಂದರೂ ಮೆಟ್ಟಿಲಿಳಿದು ಹೋಗಿ ಕೈ ಮುಗಿಯಬಹುದು. ಉಳಿಸಿಕೊಂಡದ್ದು ದೊಡ್ಡ ಕೆಲಸ. ಕೆಳಗೆ ತಂಪಿತ್ತು. ನಿನ್ನೆ ಕೇಳಿದ ಮಾತು ಇನ್ನೂ ಕಿವಿಯಲ್ಲಿತ್ತು, ಅಲ್ಲಿ ನಿಂತಾಗ ಅದು ಇನ್ನೂ ಭಾರವಾಯಿತು.

ಆಲಮಟ್ಟಿಯಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. 26 ಗೇಟುಗಳ ಅಣೆಕಟ್ಟು, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಏರಿಸಿದರೆ ಇನ್ನಷ್ಟು ಹಳ್ಳಿಗಳು ಏಳಬೇಕು. ವಿಜಯಪುರದ ಒಣ ಹೊಲಗಳಿಗೆ ಕಾಲುವೆ ನೀರು ಹೋಗಿದ್ದನ್ನು ದಾರಿಯುದ್ದಕ್ಕೂ ಕಂಡೆ. ಆ ನೀರು ಬೇಡ ಅನ್ನಲಾರೆ. ನೀರು ಕೊಟ್ಟವರ ಹೆಸರು ಆ ಕಾಲುವೆಯ ಮೇಲೆ ಎಲ್ಲೂ ಇಲ್ಲ ಅನ್ನುವುದಷ್ಟೇ ನನ್ನ ನೋವು.

ಐದನೇ ದಿನ: ವಿಜಯಪುರ

ಗೋಲ್ ಗುಂಬಜ್ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ. ಅದರ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂಗೆ ಮಾತ್ರ ಹೋಗಿ ಬಿಜಾಪುರದ ಹಳೇ ರತ್ನಗಂಬಳಿಗಳನ್ನು ನೋಡಿದೆ. ಸವೆದಿದ್ದಾವೆ, ಆದರೂ ಕೆಂಪು ಇನ್ನೂ ಜೀವಂತ.

ಅಸರ್ ಮಹಲಿಗೆ ಹೋದೆ. ಮಹಮ್ಮದ್ ಆದಿಲ್ ಶಾಹ 1646ರ ಸುಮಾರಿಗೆ ನ್ಯಾಯ ನಡೆಸಲು ಕಟ್ಟಿಸಿದ್ದು. ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಮುಂದಿನ ಕೊಳದ ಕಟ್ಟೆ ಮೇಲೆ ಕೂತು ಎತ್ತರದ ಮರದ ಕಂಬಗಳನ್ನು ಬರೆದೆ. ಈ ಮಹಲಿನಲ್ಲಿ ಆದಿಲ್ ಶಾಹಿಗಳ ಗ್ರಂಥ ಭಂಡಾರದ ಉಳಿದ ಪುಸ್ತಕಗಳಿದ್ದವು. 1853ರಲ್ಲಿ ಅವುಗಳನ್ನು ಲಂಡನ್ನಿಗೆ ಒಯ್ದರು. ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿವೆ. 1570ರಲ್ಲಿ ಇದೇ ಊರಿನಲ್ಲಿ ತಯಾರಾದ, ನಕ್ಷತ್ರ, ಆನೆ, ದೇವತೆಗಳ ಚಿತ್ರ ತುಂಬಿದ ನುಜೂಮ್ ಅಲ್-ಉಲೂಮ್ ಎಂಬ ಹಸ್ತಪ್ರತಿ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಅಲ್ಲಿ ಜೋಪಾನವಾಗಿವೆ, ಅದು ನಿಜ. ನಾನು ನೋಡಿದ್ದು ಫೋನಿನ ಪರದೆಯ ಮೇಲೆ. ಆ ಚಿತ್ರಗಳಲ್ಲಿ ಗೆರೆಗಳು ಒಂದು ಚುಕ್ಕಿಗೆ ಓಡುವುದಿಲ್ಲ. ರಾಜನನ್ನು ಎದುರಿಂದ ನೋಡು, ಗದ್ದುಗೆಯನ್ನು ಮೇಲಿಂದ ನೋಡು ಅನ್ನುತ್ತವೆ. ಬಾಗಲಕೋಟೆಯ ಪಡಸಾಲೆಯಲ್ಲಿ ನಕಾಶೆ ತಿರುಗಿಸಿದ ಹೆಂಗಸರ ಪಕ್ಕ ಇವುಗಳನ್ನು ಇಟ್ಟು ನೋಡಬೇಕು ಅನಿಸಿತು. ಇಲ್ಲಿಂದ ಬರೀ 120 ಮೈಲಿಯಾಚೆ ಡ್ರಾಯಿಂಗ್ ಪರೀಕ್ಷೆಗೆ ಕೂತಿದ್ದ ನನಗೆ, ಬಿಜಾಪುರದಲ್ಲಿ ಒಂದು ಚಿತ್ರ ಪರಂಪರೆ ಇತ್ತು ಅಂತ ಯಾರೂ ಹೇಳಿರಲಿಲ್ಲ. ಗ್ರೀಕ್ ಮೂರ್ತಿಯ ಮೂಗು ಬರೆಯಲು ಮಾತ್ರ ಹೇಳಿದ್ದರು.

ಜಿಲ್ಲಾ ಕೇಂದ್ರ ಇಲ್ಲಿಗೆ ಬಂದಾಗ ಬ್ರಿಟಿಷರು ಹಳೇ ಮಹಲುಗಳನ್ನೇ ದುರಸ್ತಿ ಮಾಡಿ ಕಚೇರಿ ಮಾಡಿಕೊಂಡರು. ಒಂದು ಮಸೀದಿ ಅಂಚೆ ಕಚೇರಿಯಾಯಿತು, ಇನ್ನೊಂದು ಡಾಕ್ ಬಂಗಲೆ. ವೈಸರಾಯ್ ಕರ್ಜನ್ ಆಮೇಲೆ ಅವೆರಡನ್ನೂ ಖಾಲಿ ಮಾಡಿಸಿದ.

ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಶಾಲೆಯ ಮಕ್ಕಳು ಆಡುತ್ತಿದ್ದರು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪು 55 ಟನ್ ಭಾರ. 1854ರಲ್ಲಿ ಕಂಪನಿಯವರು ಇದನ್ನು ಕೆಲಸಕ್ಕೆ ಬಾರದ ಸಾಮಾನು ಅಂತ ಹರಾಜಿಗಿಟ್ಟರು. ಬಂದ ಕೂಗು 150 ರೂಪಾಯಿ. ಬಹಳ ಕಡಿಮೆಯಾಯಿತು ಅಂತ ಮಾಮಲೇದಾರ ಮೇಲಿನವರಿಗೆ ಬರೆದ, ಮಾರಾಟ ನಿಂತಿತು. ಹಾಗಾಗಿ ಇಲ್ಲೇ ಉಳಿದಿದೆ. ಏಪ್ರಿಲ್ ಬಿಸಿಲಿಗೂ ಲೋಹ ತಣ್ಣಗಿರುತ್ತದೆ ಅನ್ನುತ್ತಾರೆ. ಕೈಯಿಟ್ಟೆ. ನೆರಳಿದ್ದ ಬದಿಯಲ್ಲಿ ನಿಜಕ್ಕೂ ತಣ್ಣಗಿತ್ತು.

ಆರನೇ ದಿನ ಬೆಳಿಗ್ಗೆ

ವಾಪಸ್ ಬಾಗಲಕೋಟೆ. ಅತ್ತೆಗೆ ಎಲ್ಲ ಹೇಳಿದ್ದೆ, ಫೋನಿನಲ್ಲೇ. "ನಾನೂ ಬರ್ತೀನಿ" ಅಂದರು. ಅವರು ಆ ಬದಿಗೆ ಹೋಗಿದ್ದು ಅದೇ ಮೊದಲು. ಕೈಯಲ್ಲಿ ತಮ್ಮ ಮದುವೆಯ ಸೀರೆಯ ಸೆರಗಿನ ಚೂರು ಹಿಡಿದುಕೊಂಡಿದ್ದರು.

ಆ ತಾಯಿ ತುಂಡು ಮುಗಿಸಿಟ್ಟಿದ್ದರು. ಸುತ್ತ ಸಣ್ಣ ಸಣ್ಣ ಹೊಲಿಗೆ, ಬಿಗಿ. ನಡುವೆ ಕಪ್ಪು ಬಟ್ಟೆಯ ಬಾವಿ, ಅದರ ಸುತ್ತ ಬೂದು ಬಣ್ಣದ ಕಲ್ಲು. ಬಾವಿಯಿಂದ ಒಂದು ಹಗ್ಗ ಹೊರಟಿತ್ತು. ಸೀರೆಯ ಅಂಚನ್ನು ಹೊಸೆದು ಮಾಡಿದ್ದು. ಅದು ನನ್ನ 33 ಇಂಚಿನ ಗಡಿ ದಾಟಿ ಒಂದು ಮೊಳ ಹೊರಗೆ ಜೋತು ಬಿದ್ದಿತ್ತು.

ಇಷ್ಟುದ್ದ ಯಾಕೆ ಅಂತ ಅತ್ತೆ ಕೇಳಿದರು.

"ಬಾಳ ಆಳ ಇತ್ತವ್ವಾ ಅದು" ಅಂದರು ಆಕೆ. "ನೀವು ನೋಡಿಲ್ಲ."